ಪಾದ್ರಿ ದೊಡ್ಡಪ್ಪನ ಟ್ರಂಕು ಮನೆಗೆ ಬಂದರೆ ಕಾಗದಪತ್ರಗಳನ್ನು ಏನು ಮಾಡಬೇಕು?

ಮಂಗಳೂರು, ಉಡುಪಿ ಕಡೆಯ ಕ್ಯಾಥೊಲಿಕ್ ಮನೆಗಳಲ್ಲಿ ಹತ್ತಿರದ್ದೋ ದೂರದ್ದೋ ಸಂಬಂಧದಲ್ಲಿ ಒಬ್ಬ ಪಾದ್ರಿ ಇದ್ದೇ ಇರುತ್ತಾರೆ. ಅವರು ತೀರಿಕೊಂಡು ತಿಂಗಳ ಪೂಜೆ ಮುಗಿಯುವಷ್ಟರಲ್ಲಿ ಒಂದು ಫೋನ್ ಬರುತ್ತದೆ. "ಕೋಣೆ ಖಾಲಿ ಮಾಡಬೇಕಿತ್ತು, ಸಾಮಾನು ತಗೊಂಡು ಹೋಗ್ತೀರಾ?" ನಮಗೂ ಬಂತು. ಬಟ್ಟೆಬರೆ ಅಂತ ಹೆಚ್ಚೇನೂ ಇರಲಿಲ್ಲ. ಎರಡು ತಗಡಿನ ಟ್ರಂಕು, ಒಂದು ಸೂಟ್‌ಕೇಸ್, ಹಗ್ಗ ಕಟ್ಟಿದ ನಾಲ್ಕು ರಟ್ಟಿನ ಪೆಟ್ಟಿಗೆ. ಎಲ್ಲದರಲ್ಲೂ ಕಾಗದ.

ಮನೆಯಲ್ಲಿ ತಕ್ಷಣ ಎರಡು ಪಕ್ಷ ಆಯಿತು. ಒಬ್ಬರು "ಎಲ್ಲ ಪವಿತ್ರ, ಒಂದು ಚೀಟಿಯನ್ನೂ ಮುಟ್ಟಬಾರದು" ಅಂದರು. ಇನ್ನೊಬ್ಬರು "ಗುಜರಿಯವನನ್ನು ಕರೆಯಿರಿ, ಒರಲೆ ಹಿಡಿದರೆ ಮನೆಗೇ ಬರುತ್ತೆ" ಅಂದರು. ಇಬ್ಬರದ್ದೂ ತಪ್ಪು. ಪಾದ್ರಿಯ ಟ್ರಂಕು ಬೇರೆಯವರ ಟ್ರಂಕಿನ ಹಾಗಲ್ಲ. ಅದರಲ್ಲಿ ಅವರ ಸ್ವಂತದ್ದು ಇರುತ್ತದೆ, ಚರ್ಚಿನದ್ದು ಇರುತ್ತದೆ, ಮತ್ತೆ ಅವರನ್ನು ನಂಬಿ ಮನಸ್ಸು ಬಿಚ್ಚಿಕೊಂಡ ಬೇರೆ ಬೇರೆ ಜನರದ್ದೂ ಇರುತ್ತದೆ. ಹಾಗಾಗಿ "ಇಡೋಣವಾ, ಎಸೆಯೋಣವಾ" ಎಂದು ಕೇಳುವ ಮೊದಲು "ಇದು ಯಾರದ್ದು?" ಎಂದು ಕೇಳಬೇಕು. ಅದೊಂದು ಗೊತ್ತಾದರೆ ಅರ್ಧ ಕೆಲಸ ಮುಗಿದಂತೆ.

ನಾವು ಮಾಡಿದ್ದು, ಮಾಡಿ ಕೆಡಿಸಿದ್ದು, ಆಮೇಲೆ ತಿಳಿದವರನ್ನು ಕೇಳಿ ಸರಿಮಾಡಿಕೊಂಡದ್ದು, ಎಲ್ಲ ಇಲ್ಲಿ ಬರೆದಿದ್ದೇನೆ.

ಮೊದಲ ವಾರ: ನೋಡಿ, ಎಸೆಯಬೇಡಿ

ಟ್ರಂಕು ತೆಗೆದ ತಕ್ಷಣ ಮೇಲಿನಿಂದ ಒಂದು ಫೋಟೊ. ಒಂದು ಪದರ ತೆಗೆದ ಮೇಲೆ ಇನ್ನೊಂದು ಫೋಟೊ. ಯಾಕೆಂದರೆ ಅವರು ಯಾವುದರ ಜೊತೆ ಯಾವುದನ್ನು ಇಟ್ಟಿದ್ದರು ಅನ್ನೋದೇ ಒಂದು ಮಾಹಿತಿ. ತಾರೀಖಿಲ್ಲದ ಒಂದು ಪತ್ರ 1968ರ ಕಟ್ಟಿನೊಳಗೆ ಇದ್ದರೆ ಅದು ಬಹುಶಃ 1968ರದ್ದೇ. ನೀವು "ಪತ್ರಗಳು ಒಂದು ಕಡೆ, ಪ್ರಸಂಗಗಳು (ಪೂಜೆಯಲ್ಲಿ ಪಾದ್ರಿ ಹೇಳುವ ಉಪದೇಶ) ಒಂದು ಕಡೆ" ಎಂದು ಮೊದಲ ದಿನವೇ ಚೆಂದ ಮಾಡಲು ಹೊರಟರೆ ಆ ಸುಳಿವು ಹೋಯಿತು. ಕಟ್ಟು ಬಿಚ್ಚಿದರೆ ಅದೇ ಕಟ್ಟಿನದ್ದನ್ನು ಅದೇ ಲಕೋಟೆಗೆ ಹಾಕಿ, ಮೇಲೆ ಪೆನ್ಸಿಲಿನಲ್ಲಿ ಬರೆಯಿರಿ: ಟ್ರಂಕು 1, ಕಟ್ಟು 4. ಪೆನ್ನು ಆ ಮೇಜಿನ ಹತ್ತಿರವೂ ಬರಬಾರದು.

ಕೂರುವವರು ಇಬ್ಬರು ಸಾಕು. ಇಡೀ ಕುಟುಂಬ ಸುತ್ತ ಕೂತು, ಒಬ್ಬರು ಜೋರಾಗಿ ಓದಿ, ಉಳಿದವರು ಕೇಳೋದು ಬೇಡವೇ ಬೇಡ. ಕಾರಣ ಮುಂದೆ ಹೇಳುತ್ತೇನೆ. ಮತ್ತೆ ದುಬೈಯಲ್ಲಿರುವ ಕಸಿನ್‌ಗೆ ಮೊದಲೇ ಹೇಳಿಬಿಡಿ: ಫ್ಯಾಮಿಲಿ ಗ್ರೂಪಿಗೆ ಈಗ ಏನೂ ಹಾಕುವುದಿಲ್ಲ.

ಒಂದೇ ಒಂದು ಕೆಲಸಕ್ಕೆ ಅವಸರ ಮಾಡಿ. ಗ್ರೂಪ್ ಫೋಟೊಗಳು. ಸೆಮಿನರಿಯ (ಪಾದ್ರಿಯಾಗಲು ಓದುವ ಶಾಲೆಯ) ಮೆಟ್ಟಿಲ ಮೇಲೆ ಮೂವತ್ತು ಜನ ಬಿಳಿ ನಿಲುವಂಗಿಯಲ್ಲಿ ನಿಂತಿರುತ್ತಾರಲ್ಲ, ಅವರಲ್ಲಿ ಯಾರು ಯಾರು ಎಂದು ಹೇಳಬಲ್ಲವರು ಇನ್ನು ಇಬ್ಬರೋ ಮೂವರೋ. ಅವರಿಗೆ ಎಂಬತ್ತೈದು ದಾಟಿರುತ್ತದೆ. ದೊಡ್ಡಪ್ಪನ ಬ್ಯಾಚಿನ ಪಾದ್ರಿಗಳು ಎಲ್ಲಿದ್ದಾರೆ ಎಂದು ಕೇಳಿ, ಫೋಟೊದ ದೊಡ್ಡ ಝೆರಾಕ್ಸ್ ತೆಗೆದುಕೊಂಡು ಹೋಗಿ, ತಲೆಗಳಿಗೆ ನಂಬರ್ ಹಾಕಿ ಅವರು ಹೇಳಿದ್ದನ್ನು ಬರೆದುಕೊಳ್ಳಿ. ಮೊಬೈಲಿನಲ್ಲಿ ರೆಕಾರ್ಡ್ ಕೂಡ ಮಾಡಿ, ಕೇಳಿಯೇ ಮಾಡಿ. ನಾವು ಹೋದಾಗ ಒಬ್ಬರು ಹೆಸರು ಹೇಳುವ ಬದಲು "ಇವನು ರಾತ್ರಿ ಬಾಳೆಹಣ್ಣು ಕದಿಯುತ್ತಿದ್ದ" ಎಂದು ಶುರು ಮಾಡಿ ಎರಡು ಗಂಟೆ ಮಾತಾಡಿದರು. ಹೆಸರು ಕೊನೆಗೂ ನೆನಪಾಗಲಿಲ್ಲ.

ಅವರು ಯಾವ ಪಾದ್ರಿ?

ಇದನ್ನು ಕೇಳದೆ ಯಾವ ಕಾಗದವನ್ನೂ ನಿಮ್ಮದು ಅಂದುಕೊಳ್ಳಬೇಡಿ. ಬಿಷಪ್ಪರ ಕೆಳಗಿರುವ ಧರ್ಮಪ್ರಾಂತ್ಯದ ಪಾದ್ರಿಯಾ, ಅಥವಾ ಯೇಸುಸಭೆ, ಕಾಪುಚಿನ್, ಕಾರ್ಮೆಲಿತ್ ಥರದ ಸಂಘಕ್ಕೆ ಸೇರಿದವರಾ? ಹೆಸರಿನ ಕೊನೆಯಲ್ಲಿ ಎಸ್.ಜೆ. ಎಂದಿದ್ದರೆ ಯೇಸುಸಭೆ, ಓ.ಸಿ.ಡಿ. ಎಂದಿದ್ದರೆ ಕಾರ್ಮೆಲಿತ್.

ಸಂಘದವರು ಬಡತನದ ವ್ರತ ತೆಗೆದುಕೊಂಡಿರುತ್ತಾರೆ. 1983ರ ಚರ್ಚ್ ಕಾನೂನಿನ 668ನೇ ವಿಧಿಯಂತೆ ಅವರು ದುಡಿದು ಗಳಿಸಿದ್ದು ಸಂಘಕ್ಕೇ ಸೇರುತ್ತದೆ. ಹಾಗಾಗಿ ಅವರ ಹಸ್ತಪ್ರತಿ, ಡೈರಿಗಳ ಬಗ್ಗೆ ಸಂಘದ ಪ್ರಾಂತ್ಯದ ಕಚೇರಿಯಲ್ಲಿ ಕೇಳದೆ ಹೆಜ್ಜೆ ಇಡಬೇಡಿ. ಧರ್ಮಪ್ರಾಂತ್ಯದ ಪಾದ್ರಿಗೆ ಆ ವ್ರತ ಇಲ್ಲ. ಅವರ ಸ್ವಂತ ವಸ್ತುಗಳು ಉಯಿಲು ಇದ್ದರೆ ಅದರಂತೆ, ಇಲ್ಲದಿದ್ದರೆ 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯಂತೆ ಹೋಗುತ್ತವೆ. ಹೆಚ್ಚಿನ ಪಾದ್ರಿಗಳು ಉಯಿಲು ಬರೆದಿರುತ್ತಾರೆ, ಬಿಷಪ್ ಹೌಸಿನಲ್ಲಿ ಒಂದು ಪ್ರತಿ ಇದೆಯಾ ಎಂದು ವಿಚಾರಿಸಿ.

ಯಾವ ಬಿಷಪ್ ಹೌಸ್ ಅನ್ನೋದೂ ಒಂದು ಪ್ರಶ್ನೆ, ನಗಬೇಡಿ. ಮಂಗಳೂರು ಧರ್ಮಪ್ರಾಂತ್ಯ ಆದದ್ದು 1880ರ ದಶಕದಲ್ಲಿ. 1923ರಲ್ಲಿ ಕಲ್ಲಿಕೋಟೆ ಅದರಿಂದ ಬೇರೆಯಾಯಿತು, 2012ರಲ್ಲಿ ಉಡುಪಿ ಬೇರೆಯಾಯಿತು. ಮಂಗಳೂರಿಗೆ ಎಂದು ಗುರುದೀಕ್ಷೆ (ಪಾದ್ರಿಯಾಗುವ ಸಂಸ್ಕಾರ) ಪಡೆದವರು ಕೊನೆಗೆ ಉಡುಪಿಯ ಪಾದ್ರಿಯಾಗಿ ತೀರಿಕೊಂಡಿರಬಹುದು. ಹಳೇ ಕಡತ ಒಂದು ಕಡೆ, ಹೊಸದು ಇನ್ನೊಂದು ಕಡೆ.

ಅವರ ಗುರುದೀಕ್ಷೆಯ ದಿನ ಗೊತ್ತಿಲ್ಲವಾ? ಹುಟ್ಟಿದ ಊರಿನ ಇಗರ್ಜಿಗೆ ಹೋಗಿ. ಪಾದ್ರಿಯಾದ ವಿಷಯವನ್ನು ದೀಕ್ಷಾಸ್ನಾನ ಆದ ಚರ್ಚಿಗೆ ತಿಳಿಸಬೇಕು, ಅಲ್ಲಿಯ ರಿಜಿಸ್ಟರಿನಲ್ಲಿ ಅವರ ಹೆಸರಿನ ಪಕ್ಕದಲ್ಲೇ ಬರೆಯಬೇಕು ಅನ್ನೋದು ನಿಯಮ. ಹೆಸರು, ಅಪ್ಪ ಅಮ್ಮ, ಹುಟ್ಟಿದ ದಿನ, ಪಕ್ಕದ ಖಾಲಿ ಜಾಗದಲ್ಲಿ ಸಣ್ಣ ಅಕ್ಷರದಲ್ಲಿ ಗುರುದೀಕ್ಷೆ. ಒಂದೇ ಸಾಲಿನಲ್ಲಿ ಇಡೀ ಜೀವನ.

ಮೊದಲು ವಾಪಸ್ ಕೊಡಬೇಕಾದದ್ದು

ವಿಗಾರರಾಗಿ, ಅಂದರೆ ಊರಿನ ಚರ್ಚಿನ ಮುಖ್ಯ ಪಾದ್ರಿಯಾಗಿ, ಊರೂರು ತಿರುಗಿದವರ ಟ್ರಂಕಿನಲ್ಲಿ ಚರ್ಚಿನ ಕಾಗದ ಸೇರಿಕೊಂಡಿರುತ್ತದೆ. ಕದ್ದದ್ದಲ್ಲ, ವರ್ಗಾವಣೆಯ ಗಡಿಬಿಡಿ. ಮದುವೆಯ ಮುಂಚಿನ ವಿಚಾರಣೆಯ ಫಾರಂ, ರಸೀದಿ ಪುಸ್ತಕ, ಜಾಗದ ನಕ್ಷೆ, ಶಾಲೆಯ ನೇಮಕಾತಿ ಪತ್ರ, ಅಪರೂಪಕ್ಕೆ ಒಂದು ಹಳೇ ರಿಜಿಸ್ಟರ್. ದೀಕ್ಷಾಸ್ನಾನ, ಮದುವೆ, ಮರಣದ ರಿಜಿಸ್ಟರುಗಳು ಆಯಾ ಧರ್ಮಕೇಂದ್ರದ್ದು, ಎಷ್ಟೇ ಹಳತಾದರೂ. ಇವನ್ನೆಲ್ಲ ಪಟ್ಟಿ ಮಾಡಿ, ಈಗಿನ ವಿಗಾರರ ಕೈಗೆ ಕೊಟ್ಟು, ಪಟ್ಟಿಯ ಮೇಲೆ ಸಹಿ ತಗೊಳ್ಳಿ. ಬ್ಯಾಂಕ್ ಪಾಸ್‌ಬುಕ್ಕಿನ ಮೇಲೆ ಹೆಸರು ಯಾರದ್ದು ಎಂದು ಸರಿಯಾಗಿ ನೋಡಿ. ಚರ್ಚಿನ ಖಾತೆಗೆ ಅವರು ಬರೀ ಸಹಿ ಹಾಕುವವರಾಗಿರಬಹುದು. ನಮಗೆ ಸಹಿ ಹಾಕಿದ ಎರಡು ಖಾಲಿ ಚೆಕ್ ಸಿಕ್ಕಿತು. ಆ ದಿನ ಮಧ್ಯಾಹ್ನದ ಊಟಕ್ಕೂ ಕಾಯದೆ ಹೋಗಿ ಕೊಟ್ಟು ಬಂದೆ.

ಇನ್ನೊಂದು. ಬೆರಳಿನ ಉಗುರಿನಷ್ಟು ಗಾಜಿನ ಡಬ್ಬಿ, ಒಳಗೆ ಒಂದು ಚೂರು, ಹಿಂದೆ ಕೆಂಪು ಅರಗಿನ ಮುದ್ರೆ. ಅದು ಸಂತರ ಅವಶೇಷ. ಅದರ ಜೊತೆ ಲ್ಯಾಟಿನ್‌ನಲ್ಲಿ ಮುದ್ರಿಸಿದ ಒಂದು ಹಾಳೆ ಇರುತ್ತದೆ, ಅದು ಪ್ರಮಾಣಪತ್ರ. ಎರಡನ್ನೂ ಯಾವತ್ತೂ ಬೇರೆ ಮಾಡಬೇಡಿ. ಅವಶೇಷ ಮಾರುವುದನ್ನು ಚರ್ಚ್ ಕಾನೂನು ಪೂರ್ತಿ ನಿಷೇಧಿಸಿದೆ, ಹಾಗಾಗಿ "ಆನ್‌ಲೈನ್‌ನಲ್ಲಿ ಒಳ್ಳೇ ರೇಟಿದೆ" ಅನ್ನುವ ಅಳಿಯಂದಿರ ಮಾತು ಕೇಳಬೇಡಿ.

ಪೂಜೆಯ ಲೆಕ್ಕದ ಪುಸ್ತಕ

ಇದನ್ನು ನಾನು ಹಳೇ ಕಿರಾಣಿ ಲೆಕ್ಕ ಅಂದುಕೊಂಡು ಎಸೆಯುವ ಗುಂಪಿಗೆ ಹಾಕಿದ್ದೆ. ಉದ್ದನೆಯ ನೋಟ್‌ಬುಕ್. ಎಡಗಡೆ ತಾರೀಖು, ನಡುವೆ ಯಾರ ಉದ್ದೇಶಕ್ಕೆ, ಬಲಗಡೆ ಹಣ, ತುದಿಯಲ್ಲಿ ಸರಿ ಗುರುತು. "ತೀರಿಹೋದ ಗಂಡನ ಆತ್ಮಕ್ಕೆ, 3 ಪೂಜೆ." "ಮಗ ಹಡಗಿನಿಂದ ಸುಖವಾಗಿ ಬಂದದ್ದಕ್ಕೆ." "ಹಸು ಸಿಕ್ಕಿದ್ದಕ್ಕೆ." ಕೆಲವು ಕಡೆ ಲ್ಯಾಟಿನ್‌ನಲ್ಲಿ "ಆದ್ ಇಂತ್. ದಾಂತಿಸ್", ಅಂದರೆ ಹಣ ಕೊಟ್ಟವರ ಮನಸ್ಸಿನಲ್ಲಿ ಇರುವ ಉದ್ದೇಶಕ್ಕೆ. ಭಾನುವಾರಗಳ ಎದುರು "ಪ್ರೊ ಪೊಪುಲೊ". ವಿಗಾರರು ಭಾನುವಾರ, ದೊಡ್ಡ ಹಬ್ಬಗಳಂದು ತಮ್ಮ ಊರಿನ ಜನರಿಗಾಗಿ ಒಂದು ಪೂಜೆ ಅರ್ಪಿಸಲೇಬೇಕು, ಅದಕ್ಕೆ ಹಣ ಇಲ್ಲ, ಆ ಕಾಲಂ ಖಾಲಿ.

ಜನ ಒಂದು ಉದ್ದೇಶಕ್ಕೆ ಎಂದು ಕಾಣಿಕೆ ಕೊಟ್ಟರೆ ಆ ಪೂಜೆ ಆಗಲೇಬೇಕು. ಒಂದೊಂದು ಕಾಣಿಕೆಗೂ ಬೇರೆ ಬೇರೆ ಪೂಜೆ. ಎಷ್ಟು ತೆಗೆದುಕೊಂಡೆ, ಎಷ್ಟು ಅರ್ಪಿಸಿದೆ ಎಂದು ಪ್ರತಿ ಪಾದ್ರಿ ಸರಿಯಾಗಿ ಬರೆದಿಡಬೇಕು ಎನ್ನುತ್ತದೆ 955ನೇ ವಿಧಿ. ಒಂದು ವರ್ಷದೊಳಗೆ ಆಗದೆ ಉಳಿದವನ್ನು ಮೇಲಿನವರಿಗೆ ಒಪ್ಪಿಸಬೇಕು ಎನ್ನುತ್ತದೆ 956ನೇ ವಿಧಿ. ಅಂದರೆ ಆ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಸರಿ ಗುರುತು ಬೀಳದೆ ಉಳಿದ ಸಾಲುಗಳು ಒಂದು ರೀತಿ ಸಾಲ.

ದೊಡ್ಡಪ್ಪನ ಪುಸ್ತಕದಲ್ಲಿ ಹನ್ನೊಂದು ಉಳಿದಿದ್ದವು. ಆಸ್ಪತ್ರೆಗೆ ಸೇರುವ ವಾರದವರೆಗೂ ಬರೆದಿದ್ದಾರೆ, ಅಕ್ಷರ ಮಾತ್ರ ಕೆಳಕ್ಕೆ ಇಳಿಯುತ್ತಾ ಹೋಗಿದೆ. ಪುಸ್ತಕವನ್ನೂ, ಹನ್ನೊಂದು ಪೂಜೆಯ ಕಾಣಿಕೆಯನ್ನೂ ಬಿಷಪ್ ಹೌಸಿಗೆ ಕೊಂಡುಹೋದೆವು. ಅಲ್ಲಿದ್ದವರು ಸಾಲು ಸಾಲಾಗಿ ಬರೆದುಕೊಂಡು ಪುಸ್ತಕ ಹಿಂದೆ ಕೊಟ್ಟರು. ನೀವೂ ಇದನ್ನು ಮೊದಲ ತಿಂಗಳಲ್ಲೇ ಮಾಡಿ. ಸ್ಕ್ಯಾನು ಗೀನು ಆಮೇಲೆ.

ಆಮೇಲೆ ಮಾಡುವಾಗ ಮಾತ್ರ ಇದನ್ನು ಬಿಡಬೇಡಿ. ಯಾವ ಊರಲ್ಲಿ ಯಾವ ವರ್ಷ ಜ್ವರ ಬಂತು, ಎಷ್ಟು ಜನ ಮುಂಬಯಿಗೆ ಹೋದರು, ಯಾವಾಗ ಗಲ್ಫ್ ಶುರುವಾಯಿತು, ಎಲ್ಲ ಈ ಉದ್ದೇಶಗಳ ಪಟ್ಟಿಯಲ್ಲಿ ಕಾಣುತ್ತದೆ. ಊರಿನ ಚರಿತ್ರೆ ಬರೆಯುವವರಿಗೆ ಹತ್ತು ಪ್ರಸಂಗಕ್ಕಿಂತ ಇದು ಜಾಸ್ತಿ ಬೆಲೆಯದ್ದು.

ಬೇರೆಯವರ ಗುಟ್ಟು

ಕುಮ್ಸಾರಿನಲ್ಲಿ (ಪಾಪನಿವೇದನೆಯಲ್ಲಿ) ಹೇಳಿದ್ದನ್ನು ಪಾದ್ರಿ ಯಾರಿಗೂ ಹೇಳುವಂತಿಲ್ಲ, ಬರೆದಿಡುವ ಪ್ರಶ್ನೆಯೂ ಇಲ್ಲ. ಅದು ಟ್ರಂಕಿನಲ್ಲಿ ಇರುವುದಿಲ್ಲ. ಆದರೆ ಕುಮ್ಸಾರಿನ ಹೊರಗೆ ಜನ ಪಾದ್ರಿಗೆ ಪತ್ರ ಬರೆಯುತ್ತಾರೆ. ಗಂಡ ಕುಡಿದು ಹೊಡೆಯುತ್ತಾನೆ ಎಂದು, ಮಗಳು ಬೇರೆ ಜಾತಿಯವನ ಜೊತೆ ಹೋಗಿದ್ದಾಳೆ ಎಂದು, ಸೆಮಿನರಿ ಬಿಡಬೇಕು ಅನಿಸುತ್ತಿದೆ ಎಂದು. ಇದು ನೀವು ಓದಲಿ ಎಂದು ಬರೆದದ್ದಲ್ಲ.

ನಾನು ಪಾಲಿಸಿದ ಕ್ರಮ ಹೇಳುತ್ತೇನೆ. ಮೊದಲ ನಾಲ್ಕು ಸಾಲು ಓದಿದರೆ ಪತ್ರ ಯಾವ ಥರದ್ದು ಎಂದು ಗೊತ್ತಾಗುತ್ತದೆ. ಅಲ್ಲಿಗೆ ನಿಲ್ಲಿಸಿ. ಬೇರೆ ಲಕೋಟೆಗೆ ಹಾಕಿ, ಅಂಟಿಸಿ, ಮೇಲೆ ವರ್ಷ ಮತ್ತು "ಖಾಸಗಿ" ಎಂದು ಮಾತ್ರ ಬರೆಯಿರಿ, ಹೆಸರು ಬೇಡ. ಆಮೇಲೆ ಮೂರು ದಾರಿ. ಬರೆದವರು ಬದುಕಿದ್ದು, ಸುಲಭವಾಗಿ ಸಿಗುವವರಾದರೆ ಅವರ ಕೈಗೇ ಕೊಡಿ, ಅಂಚೆಯಲ್ಲಿ ಕಳಿಸಬೇಡಿ, ಮನೆಯಲ್ಲಿ ಬೇರೆಯವರು ಒಡೆಯುತ್ತಾರೆ. ಅದು ಆಗದಿದ್ದರೆ, ಮತ್ತು ಪತ್ರಕ್ಕೆ ಚರಿತ್ರೆಯ ಬೆಲೆ ಇದೆ ಅನಿಸಿದರೆ, ಇಷ್ಟು ವರ್ಷ ತೆರೆಯಬಾರದು ಎಂಬ ಷರತ್ತು ಹಾಕಿ ದಫ್ತರ ಇಡುವ ಸಂಸ್ಥೆಗೆ ಕೊಡಬಹುದು. ವ್ಯಾಟಿಕನ್ ಕೂಡ ಹನ್ನೆರಡನೇ ಪಿಯುಸ್ ಪೋಪರ ಕಾಲದ ಕಡತಗಳನ್ನು ಸಂಶೋಧಕರಿಗೆ ತೆರೆದದ್ದು 2020ರ ಮಾರ್ಚ್‌ನಲ್ಲಿ, ಅವರು ತೀರಿಕೊಂಡದ್ದು 1958ರಲ್ಲಿ. ಅವಸರ ಯಾರಿಗೂ ಇಲ್ಲ. ಎರಡೂ ಅಲ್ಲ ಅಂದರೆ ಸುಡಿ. ಹರಿದು ಕಸಕ್ಕೆ ಹಾಕಬೇಡಿ, ಗುಜರಿಗಂತೂ ಬೇಡವೇ ಬೇಡ, ಕಡಲೆ ಕಟ್ಟಿಕೊಂಡು ಊರೆಲ್ಲ ತಿರುಗುತ್ತದೆ. ನಾವು ಬಚ್ಚಲಿನ ಹಂಡೆ ಒಲೆಗೆ ಒಂದೊಂದಾಗಿ ಹಾಕಿದೆವು.

ಸುಡುವ ಮಾತಿಗೆ ಒಂದು ಅಪವಾದ ಇದೆ, ಬಿಡಿಸಿಯೇ ಹೇಳುತ್ತೇನೆ. ಮಗುವಿನ ಮೇಲೆ ಯಾರಾದರೂ ದೌರ್ಜನ್ಯ ಮಾಡಿದ ಸುಳಿವು ಇರುವ ಕಾಗದ ಸಿಕ್ಕಿದರೆ ಅದನ್ನು ಸುಡುವ ಹಕ್ಕು ನಿಮಗಿಲ್ಲ. ಅದು ಮನೆತನದ ಮರ್ಯಾದೆಯ ವಿಷಯವೂ ಅಲ್ಲ, ಚರ್ಚಿನ ಮರ್ಯಾದೆಯ ವಿಷಯವೂ ಅಲ್ಲ. 2012ರ ಪೋಕ್ಸೊ ಕಾಯ್ದೆಯಂತೆ ತಿಳಿದವರು ಪೊಲೀಸರಿಗೆ ತಿಳಿಸಬೇಕು. ವಕೀಲರನ್ನು ಕಂಡು ಮುಂದೆ ಹೋಗಿ.

ಮಳೆಗಾಲ, ಹುಳ, ಸೆಲ್ಲೋಟೇಪು

ನಮ್ಮ ಕಡೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೆಲ್ಟಿಗೂ ಬೂಸ್ಟು ಹಿಡಿಯುತ್ತದೆ, ಕಾಗದ ಬಿಡುತ್ತದಾ? ನಾನು ಒದ್ದೆಯಾದ ಒಂದು ಡೈರಿಯನ್ನು ಅಂಗಳದಲ್ಲಿ ಬಿಸಿಲಿಗೆ ಹಾಕಿದೆ. ಸಂಜೆಗೆ ಅದು ಹಪ್ಪಳದ ಹಾಗೆ ಮಡಚಿಕೊಂಡಿತ್ತು, ನೀಲಿ ಶಾಯಿ ಅರ್ಧ ಮಾಸಿತ್ತು. ಆ ತಪ್ಪು ಮಾಡಬೇಡಿ. ಒದ್ದೆ ಪುಸ್ತಕವನ್ನು ನೆರಳಿನಲ್ಲಿ, ಫ್ಯಾನ್ ಗಾಳಿಯಲ್ಲಿ, ಹಾಳೆಗಳ ನಡುವೆ ಟಿಶ್ಯೂ ಪೇಪರ್ ಇಟ್ಟು, ಆಗಾಗ ಬದಲಿಸಿ ಒಣಗಿಸಬೇಕು. ಒಂದೇ ಸಲ ಪೆಟ್ಟಿಗೆಗಟ್ಟಲೆ ಒದ್ದೆಯಾಗಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿಗೆ ಸೇರಿಸಿ, ಆಮೇಲೆ ಸ್ವಲ್ಪ ಸ್ವಲ್ಪವೇ ತೆಗೆದು ಒಣಗಿಸಿ. ಕೆಡೋದು ಅಲ್ಲಿಗೆ ನಿಲ್ಲುತ್ತದೆ.

ಹುಳಕ್ಕೂ ಫ್ರೀಜರೇ ಮದ್ದು. ಒಣ ಕಾಗದವನ್ನು ಗಾಳಿ ಹೋಗದ ಹಾಗೆ ಚೀಲದಲ್ಲಿ ಕಟ್ಟಿ ಎರಡು ವಾರ ಇಡಿ. ತೆಗೆದ ಮೇಲೆ ಒಂದು ದಿನ ಚೀಲ ಬಿಚ್ಚಬೇಡಿ, ಇಲ್ಲದಿದ್ದರೆ ನೀರಿನ ಹನಿ ಕಾಗದದ ಮೇಲೆಯೇ ಕೂರುತ್ತದೆ. ಫೋಟೊಗಳನ್ನು ಹೀಗೆ ಮಾಡಬೇಡಿ. ಮೀನಿನ ಪಕ್ಕ ಪೂಜೆ ಪುಸ್ತಕ ಇಡೋದಕ್ಕೆ ಮನೆಯಲ್ಲಿ ಜಗಳ ಆಗುತ್ತದೆ, ಅದು ನಿಮ್ಮ ಪಾಡು.

ಬೂಸ್ಟು ಹಿಡಿದದ್ದನ್ನು ಮಾಸ್ಕ್ ಹಾಕಿಕೊಂಡು, ಮನೆಯ ಹೊರಗೆ, ಮೆತ್ತನೆಯ ಬ್ರಶ್‌ನಿಂದ ಒರೆಸಿ. ತುಕ್ಕು ಹಿಡಿದ ಗುಂಡುಪಿನ್ನು, ಸ್ಟೇಪ್ಲರ್ ಪಿನ್ನು ಎಳೆಯಬೇಡಿ, ಹಿಂದಿನಿಂದ ಬಿಡಿಸಿ ತೆಗೆಯಿರಿ. ರಬ್ಬರ್ ಬ್ಯಾಂಡ್ ಕರಗಿ ಅಂಟಿರುತ್ತದೆ, ಅದನ್ನೂ ನಿಧಾನಕ್ಕೆ. ಹರಿದದ್ದಕ್ಕೆ ಸೆಲ್ಲೋಟೇಪು ಹಚ್ಚಬೇಡಿ, ಹತ್ತು ವರ್ಷದಲ್ಲಿ ಅದು ಕಂದು ಬಣ್ಣಕ್ಕೆ ತಿರುಗಿ ಕಾಗದವನ್ನೇ ತಿನ್ನುತ್ತದೆ. ಲ್ಯಾಮಿನೇಷನ್ ಮಾಡಿಸಬೇಡಿ. ಗೌರವಕ್ಕೆಂದು ಗುರುದೀಕ್ಷೆಯ ಪತ್ರವನ್ನು ಲ್ಯಾಮಿನೇಷನ್ ಮಾಡಿಸಿದವರು ಎಷ್ಟೋ ಜನ. ಅದನ್ನು ಬಿಡಿಸಲು ಆಗುವುದಿಲ್ಲ. ಪೇಪರ್ ಕಟಿಂಗುಗಳನ್ನು ಬೇರೆ ಇಡಿ, ಪಕ್ಕದ ಹಾಳೆಯನ್ನೂ ಹಳದಿ ಮಾಡುತ್ತವೆ. ನುಸಿಗುಳಿಗೆ ಹಾಕಲೇಬೇಕು ಅಂದರೆ ಕಾಗದಕ್ಕೆ ತಾಗದ ಹಾಗೆ ಬಟ್ಟೆಯಲ್ಲಿ ಕಟ್ಟಿ. ಪೆಟ್ಟಿಗೆ ನೆಲದ ಮೇಲೆ ಬೇಡ, ಹೊರಗೋಡೆಗೆ ಒತ್ತಿಯೂ ಬೇಡ.

ತಾರೀಖಿಲ್ಲದ್ದಕ್ಕೆ ತಾರೀಖು

ನನಗೆ ತುಂಬಾ ಖುಷಿ ಕೊಟ್ಟ ಕೆಲಸ ಇದು. ಪಾದ್ರಿಗಳು ವರ್ಷ ಬರೆಯುವುದೇ ಇಲ್ಲ, "ಮೊಂತಿ ಹಬ್ಬದ ಮರುದಿನ" ಎಂದು ಬರೆದು ಬಿಡುತ್ತಾರೆ. ಮೊಂತಿ ಅಂದರೆ ಮೇರಿ ಮಾತೆಯ ಹುಟ್ಟುಹಬ್ಬ, ಸೆಪ್ಟೆಂಬರ್ 8. ಮರುದಿನ ಸೆಪ್ಟೆಂಬರ್ 9 ಎಂದು ಗೊತ್ತಾಯಿತು, ವರ್ಷ ಎಲ್ಲಿ?

ವಿಳಾಸ ನೋಡಿ. ಪಿನ್‌ಕೋಡ್ ಬಂದದ್ದು 1972ರ ಆಗಸ್ಟ್ 15ರಂದು, ಪಿನ್ ಇದ್ದರೆ ಆಮೇಲಿನದ್ದು. ಇನ್‌ಲ್ಯಾಂಡ್ ಲೆಟರ್ ಶುರುವಾದದ್ದು 1950ರಲ್ಲಿ. "ಮೈಸೂರು ರಾಜ್ಯ" ಎಂದು ಮಂಗಳೂರಿನ ವಿಳಾಸದಲ್ಲಿದ್ದರೆ 1956ರ ನವೆಂಬರ್ ಮತ್ತು 1973ರ ನವೆಂಬರ್ ನಡುವಿನದ್ದು ಇರಬೇಕು. ಅದಕ್ಕೂ ಮೊದಲು ನಾವು ಮದ್ರಾಸಿಗೆ ಸೇರಿದ್ದೆವು. ಹಣದ ಲೆಕ್ಕ 3-8-0 ಎಂದು ಮೂರು ತುಂಡಾಗಿದ್ದರೆ ಅದು ರೂಪಾಯಿ, ಆಣೆ, ಪೈ. 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬರುವ ಮೊದಲಿನದ್ದು, ಅಥವಾ ಹಳೇ ಚಾಳಿ ಬಿಡದ ವಿಗಾರರದ್ದು.

ಪ್ರಸಂಗಗಳಿಗೆ ಇನ್ನೂ ಒಳ್ಳೆಯ ಉಪಾಯ ಇದೆ. ಎರಡನೇ ವ್ಯಾಟಿಕನ್ ಮಹಾಸಭೆಯ ನಂತರ ಭಾನುವಾರದ ಬೈಬಲ್ ವಾಚನಗಳನ್ನು ಎ, ಬಿ, ಸಿ ಎಂದು ಮೂರು ವರ್ಷದ ಸುತ್ತಿಗೆ ಹಂಚಿದರು. ಅದು ಶುರುವಾದದ್ದು 1969ರ ಕೊನೆಯ ಆಗಮನ ಕಾಲದಿಂದ (ಕ್ರಿಸ್ಮಸ್ಸಿಗೆ ಮುಂಚಿನ ವಾರಗಳು, ಚರ್ಚಿನ ವರ್ಷ ಶುರುವಾಗುವುದು ಆಗ). ಹಾಗಾಗಿ ಮೂಲೆಯಲ್ಲಿ "ಬಿ" ಎಂದಿದ್ದರೆ ಅದು 1969ಕ್ಕಿಂತ ಹಿಂದಿನದ್ದಲ್ಲ. ಯಾವ ಬಿ? ಇಸವಿಯನ್ನು ಮೂರರಿಂದ ಭಾಗಿಸಿ. ಶೇಷ ಇಲ್ಲದಿದ್ದರೆ ಸಿ, ಒಂದು ಉಳಿದರೆ ಎ, ಎರಡು ಉಳಿದರೆ ಬಿ. ನನ್ನ ಕೈಯಲ್ಲಿದ್ದದ್ದು "ತಪಸ್ಸುಕಾಲದ 2ನೇ ಭಾನುವಾರ, ಬಿ" ಎಂದಿದ್ದ ಒಂದು ಪ್ರಸಂಗ (ತಪಸ್ಸುಕಾಲ ಅಂದರೆ ಈಸ್ಟರಿಗೆ ಮುಂಚಿನ ಉಪವಾಸದ ವಾರಗಳು), ಕೆಳಗೆ ಊರಿನ ಹೆಸರು. ಆ ಊರಲ್ಲಿ ದೊಡ್ಡಪ್ಪ ಇದ್ದದ್ದು 1977ರಿಂದ 1981. ಅದರೊಳಗೆ ಬಿ ವರ್ಷ 1979 ಒಂದೇ. ಆ ವರ್ಷ ಈಸ್ಟರ್ ಏಪ್ರಿಲ್ 15ಕ್ಕೆ, ಹಿಂದಕ್ಕೆ ಎಣಿಸಿದರೆ ತಪಸ್ಸುಕಾಲದ ಎರಡನೇ ಭಾನುವಾರ ಮಾರ್ಚ್ 11. ಕೂತಲ್ಲೇ ದಿನ ಸಿಕ್ಕಿತು. (ಆಗಮನ ಕಾಲ ನವೆಂಬರ್ ಕೊನೆಗೋ ಡಿಸೆಂಬರ್ ಮೊದಲಿಗೋ ಬರುತ್ತದೆ, ಅಲ್ಲಿಂದ ಮುಂದಿನ ಇಸವಿಯ ಅಕ್ಷರ ಹಿಡಿಯಬೇಕು, ಇದನ್ನು ಮರೆತು ನಾನು ಎರಡು ಸಲ ಎಡವಿದ್ದೇನೆ.)

ಹಬ್ಬದ ದಿನಗಳಲ್ಲೂ ಹುಷಾರು. 1969ರ ಪಂಚಾಂಗ ಬದಲಾವಣೆಯಲ್ಲಿ ಕೆಲವು ಹಬ್ಬಗಳು ಜಾಗ ಬದಲಿಸಿದವು. ಲ್ಯಾಟಿನ್ ಪದ್ಧತಿಯಲ್ಲಿ ಸಂತ ತೋಮಸರ ಹಬ್ಬ ಮೊದಲು ಡಿಸೆಂಬರ್ 21ಕ್ಕೆ ಇತ್ತು, ಆಮೇಲೆ ಜುಲೈ 3ಕ್ಕೆ ಬಂತು.

ಒಂದೇ ಪ್ರಸಂಗದ ಮೂರು ಪ್ರತಿ ಇದೆ ಎಂದು ಎರಡನ್ನು ಎಸೆಯಬೇಡಿ. ನಮ್ಮಲ್ಲಿ ಮದುವೆಯ ಕರೆಯೋಲೆಯ ಹಿಂಬದಿಯಲ್ಲಿ ಬರೆದ ಒಂದು ಪ್ರಸಂಗ ಇದೆ. ಮೂಲೆಯಲ್ಲಿ ಮೂರು ಊರು, ಮೂರು ತಾರೀಖು. ನಡುವೆ ಒಂದು ತಮಾಷೆ. ಪಕ್ಕದಲ್ಲಿ ಮೊದಲ ಊರಿನ ಹೆಸರಿಗೆ "ನಕ್ಕರು" ಎಂದಿದೆ, ಎರಡನೆಯದಕ್ಕೆ ಏನೂ ಇಲ್ಲ, ಮೂರನೇ ಊರಿಗೆ ಹೋಗುವ ಮೊದಲು ತಮಾಷೆಯ ಮೇಲೆ ಗೀಟು ಎಳೆದಿದ್ದಾರೆ.

ಭಾಷೆಯ ಬಗ್ಗೆ ಎರಡು ಮಾತು. ಕನ್ನಡ ಲಿಪಿ ಕಂಡ ತಕ್ಷಣ ಕನ್ನಡ ಅಂದುಕೊಳ್ಳಬೇಡಿ, ಮಂಗಳೂರಿನವರ ಕೊಂಕಣಿ ಇರುತ್ತದೆ. ರೋಮನ್ ಲಿಪಿಯ ಕೊಂಕಣಿ ಇದ್ದರೆ ಗೋವಾದ ಸ್ನೇಹಿತರದ್ದು. ಇನ್ನೂ ಹಿಂದಿನ ತಲೆಮಾರಿನ ಪಾದ್ರಿಯಾದರೆ ಇಟಾಲಿಯನ್ ಪತ್ರವೂ ಸಿಗಬಹುದು, ಯಾಕೆಂದರೆ 1878ರ ಡಿಸೆಂಬರ್ 31ಕ್ಕೆ ಮಂಗಳೂರಿಗೆ ಬಂದ ಯೇಸುಸಭೆಯವರಲ್ಲಿ, ಆಮೇಲೆ ಸೆಮಿನರಿಯಲ್ಲಿ ಪಾಠ ಹೇಳಿದವರಲ್ಲಿ ಇಟಲಿಯವರೇ ಹೆಚ್ಚು. ಪತ್ರದ ತಲೆಯಲ್ಲಿ ಜೆ.ಎಂ.ಜೆ. ಎಂದರೆ ಜೀಸಸ್, ಮೇರಿ, ಜೋಸೆಫ್. ಎ.ಎಂ.ಡಿ.ಜಿ. ಎಂದರೆ ದೇವರ ಹೆಚ್ಚಿನ ಮಹಿಮೆಗಾಗಿ, ಇದು ಯೇಸುಸಭೆಯವರ ಅಭ್ಯಾಸ. 1938ರಲ್ಲಿ ಶುರುವಾದ ಕೊಂಕಣಿಯ 'ರಾಕ್ಣೊ' ಪತ್ರಿಕೆಯ ಕಟಿಂಗು ಇದ್ದು, ಲೇಖಕರ ಹೆಸರು ಬೇರೆ ಇದ್ದರೆ, ಅದು ದೊಡ್ಡಪ್ಪನ ಗುಪ್ತನಾಮವಾ ಎಂದು ಒಮ್ಮೆ ಯೋಚಿಸಿ. ಅವರ ಕಾರ್ಬನ್ ಪ್ರತಿಗಳ ಜೊತೆ ಹೋಲಿಸಿದರೆ ಗೊತ್ತಾಗುತ್ತದೆ.

ಪಟ್ಟಿ ಮತ್ತು ಸ್ಕ್ಯಾನ್

ಪಟ್ಟಿ ಎಕ್ಸೆಲ್‌ನಲ್ಲಿ ಮಾಡಿ, ಬರದಿದ್ದರೆ ನೋಟ್‌ಬುಕ್ಕಿನಲ್ಲಿ ಗೆರೆ ಹಾಕಿ. ನಂಬರ್, ದಿನ, ಯಾರಿಂದ ಯಾರಿಗೆ, ಭಾಷೆ, ಏನು, ಎಲ್ಲಿದೆ, ಯಾರು ನೋಡಬಹುದು. ನಮ್ಮ ಪಟ್ಟಿಯ ಒಂದು ಸಾಲು ಹೀಗಿದೆ: "1/4/17, 1964 ಮೇ 12, ದೊಡ್ಡಪ್ಪನಿಂದ ಅಜ್ಜಿಗೆ, ಕೊಂಕಣಿ, ಇನ್‌ಲ್ಯಾಂಡ್, ಹಲ್ಲುನೋವು ಮತ್ತು ಉಪ್ಪಿನಕಾಯಿ, ಲಕೋಟೆ 9, ಎಲ್ಲರೂ." ಒಂದು ಸಾಲಿಗೆ ಒಂದು ನಿಮಿಷಕ್ಕಿಂತ ಜಾಸ್ತಿ ಕೊಡಬೇಡಿ. ಚೆಂದದ ವಿವರಣೆ ಬರೆಯಲು ಹೋದರೆ ಎರಡನೇ ಟ್ರಂಕು ಅಟ್ಟಕ್ಕೆ ಹೋಗುತ್ತದೆ, ಮತ್ತೆ ಇಳಿಯುವುದಿಲ್ಲ.

ಸ್ಕ್ಯಾನರಿದ್ದರೆ ಬರಹಕ್ಕೆ 300 ಡಿಪಿಐ, ಫೋಟೊಗೆ 600. ಇಲ್ಲದಿದ್ದರೆ ಮೊಬೈಲ್ ಸಾಕು, ಕಿಟಕಿಯ ಪಕ್ಕ, ಫ್ಲ್ಯಾಶ್ ಇಲ್ಲದೆ. ಹಿಂಬದಿಯನ್ನೂ ತೆಗೆಯಿರಿ, ಲಕೋಟೆಯನ್ನೂ ತೆಗೆಯಿರಿ, ಅಂಚೆ ಮುದ್ರೆ ಅಲ್ಲಿರುತ್ತದೆ. ಫೈಲಿನ ಹೆಸರು ಇಸವಿಯಿಂದ ಶುರುವಾಗಲಿ. ವಾಟ್ಸಾಪಿನಲ್ಲಿ ಫೋಟೊ ಆಗಿ ಕಳಿಸಿದರೆ ಸಣ್ಣದಾಗಿ ಹೋಗುತ್ತದೆ, ಡಾಕ್ಯುಮೆಂಟ್ ಆಗಿ ಕಳಿಸಿ. ಮೂರು ಪ್ರತಿ ಇರಲಿ, ಒಂದು ಬೇರೆ ಊರಲ್ಲಿರಲಿ. ಬ್ರೆವಿಯರಿಯ (ಪಾದ್ರಿಗಳ ದಿನದ ಪ್ರಾರ್ಥನೆಯ ಪುಸ್ತಕ) ಪುಟಗಳ ನಡುವೆ ಗುರುದೀಕ್ಷೆಯ ಕಾರ್ಡು, ಸತ್ತವರ ನೆನಪಿನ ಕಾರ್ಡು ಸಿಕ್ಕಿಸಿರುತ್ತಾರೆ, ಯಾವ ಪುಟದಲ್ಲಿ ಇತ್ತು ಎಂದು ಬರೆದು ಆಮೇಲೆ ತೆಗೆಯಿರಿ.

ಪುಸ್ತಕ ಮಾಡಿಸುವ ಆಸೆ ಇದ್ದವರಿಗೆ: ದೊಡ್ಡಪ್ಪ ಬರೆದ ಪತ್ರ ಯಾರ ಮನೆಯಲ್ಲೇ ಇರಲಿ, ಅದರ ಮಾತುಗಳ ಕಾಪಿರೈಟ್ ಅವರದ್ದು, ಅವರ ನಂತರ ಅವರ ವಾರಸುದಾರರದ್ದು. ಅವರಿಗೆ ಬಂದ ಪತ್ರದ ಕಾಗದ ನಿಮ್ಮದಿರಬಹುದು, ಮಾತು ಬರೆದವರದ್ದು. ಬದುಕಿದ್ದಾಗಲೇ ಅಚ್ಚಾದ ಬರಹಕ್ಕೆ ಲೇಖಕರು ತೀರಿಕೊಂಡ ಮೇಲೆ 60 ವರ್ಷ ಈ ಹಕ್ಕು ಇರುತ್ತದೆ, ಅವರು ತೀರಿಕೊಂಡ ಮೇಲೆ ಮೊದಲ ಸಲ ಅಚ್ಚಾದದ್ದಕ್ಕೆ ಅಚ್ಚಾದಲ್ಲಿಂದ 60 ವರ್ಷ. ಕೇಳದೆ ಅಚ್ಚು ಹಾಕಿಸಬೇಡಿ.

ಕೊಡುವುದಾದರೆ

ಎಲ್ಲವನ್ನೂ ಮನೆಯಲ್ಲೇ ಇಟ್ಟುಕೊಳ್ಳುವ ಹಠ ಬೇಡ. ಮನೆ ಪಾಲಾಗುತ್ತದೆ, ಟ್ರಂಕೂ ಪಾಲಾಗುತ್ತದೆ. ಧರ್ಮಪ್ರಾಂತ್ಯದ ದಫ್ತರ ನೋಡಿಕೊಳ್ಳುವವರು ಚಾನ್ಸಲರ್, ಅವರನ್ನು ಪಟ್ಟಿಯೊಂದಿಗೆ ಹೋಗಿ ಕಾಣಿ. ಟ್ರಂಕಿನೊಂದಿಗೆ ಹೋಗಬೇಡಿ, ಹೋದರೆ ಅದು ಯಾವುದೋ ಮೂಲೆಯಲ್ಲಿ ಕೂರುತ್ತದೆ. ಕೊಂಕಣಿ ಬರಹಗಳಿಗೆ ಮಂಗಳೂರಿನ ಕರ್ನಾಟಕ ಕೊಂಕಣಿ ಸಾಹಿತ್ಯ ಅಕಾಡೆಮಿ, ಶಕ್ತಿನಗರದ ವಿಶ್ವ ಕೊಂಕಣಿ ಕೇಂದ್ರದಲ್ಲಿ ಕೇಳಿ ನೋಡಬಹುದು. ಸಂಘದ ಪಾದ್ರಿಯಾದರೆ ಪ್ರಾಂತ್ಯದ ಕಚೇರಿ.

ಕೊಡುವಾಗ ಒಂದು ಪುಟದ ಒಪ್ಪಂದ ಬರೆಸಿ. ಏನು ಕೊಟ್ಟಿದ್ದೇವೆ, ಯಾವ ಲಕೋಟೆ ಎಷ್ಟು ವರ್ಷ ತೆರೆಯಬಾರದು, ಬೇಡವಾದರೆ ಎಸೆಯದೆ ನಮಗೆ ವಾಪಸ್ ಕೊಡಬೇಕು. ನಾವು ಈ ಕೊನೆಯ ಸಾಲನ್ನು ಮೊದಲ ಸಲ ಬರೆಸಲಿಲ್ಲ. ಒಂದು ಕಡೆ ಕೊಟ್ಟ ಎರಡು ಪೆಟ್ಟಿಗೆ ಪುಸ್ತಕ, ಪ್ರಸಂಗಗಳು ಆಮೇಲೆ ಕೋಣೆ ಸುಣ್ಣಬಣ್ಣ ಆಗುವಾಗ ಎಲ್ಲಿಗೆ ಹೋದವು ಎಂದು ಅಲ್ಲಿದ್ದವರಿಗೇ ಗೊತ್ತಿಲ್ಲ. ಪುಣ್ಯಕ್ಕೆ ಪ್ರಸಂಗಗಳ ಸ್ಕ್ಯಾನ್ ಇತ್ತು.

ಟ್ರಂಕು ಖಾಲಿಯಾದ ಮೇಲೆ ತಳಕ್ಕೆ ಹಾಸಿದ ಪೇಪರ್ ಎತ್ತಿ ನೋಡಲು ಮರೆಯಬೇಡಿ. ನಮಗೆ ಅದರಡಿ ಒಂದು ಅಚ್ಚು ಹಾಕಿದ ಹಾಳೆ ಸಿಕ್ಕಿತು. ಸೆಮಿನರಿಗೆ ಸೇರುವ ಹುಡುಗ ತರಬೇಕಾದ ಸಾಮಾನಿನ ಪಟ್ಟಿ: ಚಾಪೆ, ಕಂಬಳಿ, ಹಿತ್ತಾಳೆ ಚೊಂಬು, ಎರಡು ಜೊತೆ ಬಟ್ಟೆ. ಒಂದೊಂದರ ಎದುರೂ ಮಸಿಯಿಂದ ಎಳೆದ ಗೀಟು, ಅಜ್ಜಿಯದ್ದೇ ಇರಬೇಕು, ಕಂಬಳಿಯ ಎದುರು ಮಾತ್ರ ಗೀಟಿಲ್ಲ. ಇದು ಯಾರದ್ದು ಎಂದು ಮನೆಯಲ್ಲಿ ಮತ್ತೆ ಒಂದು ಸುತ್ತು ಜಗಳ ಆಯಿತು. ಮೂಲ ಈಗ ದೊಡ್ಡತ್ತೆಯ ಹತ್ತಿರ ಇದೆ. ನಮಗೆಲ್ಲ ಝೆರಾಕ್ಸ್.